ಹಿಂದಿನ ಸೀಟಿನಲ್ಲಿ ಸಾಹೇಬರು

"ಈ ಮನುಷ್ಯ ಗಾಡಿ ಮಾರೂದು ಈ ಜನ್ಮದಾಗ ಆಗಂಗಿಲ್ಲ. ನೀ ಸುಮ್ನ ಅಡ್ಡಾಡಿ ಚಪ್ಲಿ ಸವಿಸ್ಬ್ಯಾಡ" ಎಂದು ನನಗೆ ಹೇಳಿದವರು ಬೇರೆ ಯಾರೂ ಅಲ್ಲ, ಸಾಹೇಬರ ಹೆಂಡತಿ. ಗಂಡನಿಗೆ ಕೇಳಲಿ ಎಂದೇ ದನಿ ಎತ್ತರಿಸಿದ್ದರು. ಗಂಡ ಅಲ್ಲೇ ಅಂಗಳದಲ್ಲಿ, ಗೋಣಿತಾಟಿನ ಮೇಲೆ ನಿಲ್ಲಿಸಿದ ಬುಲೆಟ್ಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಚೈನಿಗೆ ಸೀಮೆಎಣ್ಣೆ ಹಚ್ಚುತ್ತಿದ್ದರು. ಲುಂಗಿ ಎತ್ತಿ ಕಟ್ಟಿದ್ದರಿಂದ ಬಲ ಮೊಣಕಾಲಿನ ಕೆಳಗೆ, ಎಲುಬಿನ ಮೇಲೆ ಒಂದು ಗುಳಿ ಕಾಣುತ್ತಿತ್ತು. ಹುಣಸೆ ಬೀಜ ಸರಿಯಾಗಿ ಕೂರುವಷ್ಟು ಗುಳಿ. ನಾನು ಅದನ್ನೇ ನೋಡುತ್ತಿದ್ದೇನೆ ಎಂದು ಗೊತ್ತಾಗಿ, ತಲೆ ಎತ್ತದೆ ಹೇಳಿದರು:

"ಹೊಸದ್ರಾಗ ಅವಸರ ಮಾಡಿ ಕಿಕ್ ಹೊಡ್ದೆ, ತಿರುಗಿ ಒದೀತು. ಆವತ್ತಿಂದ ನಾನೂ ಅದಕ್ಕ ಅವಸರ ಮಾಡಿಲ್ಲ, ಅದೂ ನನ್ನ ಒದ್ದಿಲ್ಲ."

ಅವರು ಕಮಲಾಪುರದಿಂದ ಕಂಪ್ಲಿ ಕಡೆಗೆ ಹೋಗುವ ಕಾಲುವೆಯ ಒಂದು ಭಾಗಕ್ಕೆ ಓವರ್‌ಸೀಯರ್ ಆಗಿದ್ದವರು. ಹಿಂದಿನ ವರ್ಷವಷ್ಟೇ ರಿಟೈರಾಗಿದ್ದರು. ಊರಿಗೆಲ್ಲ ಸಾಹೇಬರು. ನನ್ನ ಅಪ್ಪ ಅವರ ಕೈಕೆಳಗೆ ಗ್ಯಾಂಗಿನಲ್ಲಿ ದುಡಿದವನು. ಕಾಲುವೆ ಬಂದ್ ಆದಾಗ ಹೂಳು ಎತ್ತುವುದು, ದಂಡೆ ಜಿನುಗಿದರೆ ಮರಳಿನ ಚೀಲ ಹೊತ್ತು ಹಾಕುವುದು ಅಪ್ಪನ ಕೆಲಸ. ವಾರದ ಕೊನೆಗೆ ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿ ಕೂಲಿ ಎಣಿಸಿಕೊಳ್ಳುತ್ತಿದ್ದ. ಕಾಲೇಜಿನ ರಜೆಯಲ್ಲಿ ನಾನೂ ಅದೇ ಹೂಳು ಹೊತ್ತಿದ್ದೇನೆ. ಹೂಳು ಹೊತ್ತುಕೊಂಡೇ ಹೊಸಪೇಟೆಯಲ್ಲಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಕೇರಿಯಲ್ಲಿ ಡಿಗ್ರಿ ಪಾಸಾದ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚ ಆಗಿಲ್ಲ, ಈಗಲೂ ಆಗುವುದಿಲ್ಲ.

ಗಾಡಿ ನನಗೆ ಶೋಕಿಗೆ ಬೇಕಾಗಿರಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ಸಕ್ಕರೆ ಕಾರ್ಖಾನೆಯೊಂದು ನನ್ನನ್ನು ಕಬ್ಬಿನ ಫೀಲ್ಡ್‌ಮನ್ ಎಂದು ತಾತ್ಕಾಲಿಕವಾಗಿ ತೆಗೆದುಕೊಂಡಿತ್ತು. ಹಳ್ಳಿ ಹಳ್ಳಿಗೆ ಹೋಗಿ, ಯಾವ ರೈತ ಎಷ್ಟು ಕಬ್ಬು ಹಾಕಿದ್ದಾನೆ ಎಂದು ನೋಂದಾಯಿಸಿ, ಕಡಿಯುವ ಸರದಿ ಗೊತ್ತು ಮಾಡುವ ಕೆಲಸ. ಅಲ್ಲಿಯ ಕೇನ್ ಆಫೀಸರು ಮೊದಲ ದಿನವೇ ಎರಡು ಮಾತು ಹೇಳಿದ್ದರು. "ಕಬ್ಬು ಅರೆಯೋದು ಶುರು ಆಗೋದ್ರೊಳಗ ನಿಮ್ಮ ಹೆಸರಿನ ಮೇಲೆ ಮೋಟಾರ್‌ಸೈಕಲ್ ಇರಬೇಕು. ನಿಮ್ಮ ಭಾಗದ ರೈತರೆಲ್ಲ ನೋಂದಣಿ ಆಗಿರಬೇಕು. ಇಲ್ಲಾಂದ್ರೆ ತೂಕದ ಕಟ್ಟೆಗೆ ಹೋಗಿ ದಿನಗೂಲಿ ಮೇಲೆ ಚೀಟಿ ಬರೀರಿ." ತೂಕದ ಕಟ್ಟೆಗೆ ಡಿಗ್ರಿ ಬೇಕಿರಲಿಲ್ಲ. ಅಲ್ಲಿ ನಮ್ಮ ಕೇರಿಯ ಹುಡುಗರು ಎಂಟನೇ ಕ್ಲಾಸು ಫೇಲಾಗಿ ಆಗಲೇ ಕೂತಿದ್ದರು.

ಹೊಸ ಗಾಡಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಹಳೆಯವನ್ನು ಹೊಸಪೇಟೆಯ ಗಲ್ಲಿಗಲ್ಲಿಯಲ್ಲಿ ನೋಡಿ ಬಂದೆ. ಹೆಚ್ಚಿನವು ಸಂಡೂರಿನ ಗಣಿಯಲ್ಲಿ ಓಡಿ ಬಂದವು. ಮೇಲೆ ಹೊಸ ಬಣ್ಣ, ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗಡೆ ಕೆಂಪು ಧೂಳು. ಚಿತ್ತವಾಡ್ಗಿಯಲ್ಲಿ ಒಂದನ್ನು ಓಡಿಸಿ ನೋಡಲು ಹೋದರೆ ಅರ್ಧ ದಾರಿಯಲ್ಲಿ ಸೈಲೆನ್ಸರು ಕಳಚಿ ಬಿತ್ತು. ಗಾಡಿಯ ಮಾಲಕ ಅದನ್ನು ಎತ್ತಿ ಬಗಲಲ್ಲಿ ಇಟ್ಟುಕೊಂಡು, "ಇದೊಂದು ಬಿಟ್ರ ಉಳಿದಿದ್ದೆಲ್ಲ ಗಟ್ಟಿ ಐತ್ರಿ" ಎಂದ. ಸಂಜೆ ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಆಗ ನೆನಪಾದದ್ದು ಸಾಹೇಬರ ಗಾಡಿ. ಇಪ್ಪತ್ತು ವರ್ಷ ಹಳೆಯದು, ಆದರೆ ಒಂದೇ ಕೈಯಲ್ಲಿ ಓಡಿದ್ದು. ವರ್ಷಕ್ಕೊಮ್ಮೆ ಕಾಲುವೆ ಬಂದ್ ಆದಾಗ ಅವರು ಇಂಜಿನ್ನನ್ನೂ ಬಿಚ್ಚುತ್ತಿದ್ದರು. ನೀರು ಬಿಡುವ ದಿನದೊಳಗೆ ಗಾಡಿ ಮತ್ತೆ ಕೂಡಿ ದಂಡೆಯ ಮೇಲೆ ಇರಬೇಕು. ಹಂಪಿ ಕಡೆಯ ಜನ ಎತ್ತು, ಎಮ್ಮೆ, ಲಾರಿ, ಸ್ಕೂಟರು ಎಲ್ಲವನ್ನೂ ಕಾಲುವೆಗೆ ಇಳಿಸಿ ತೊಳೆಯುತ್ತಾರೆ. ಸಾಹೇಬರು ಮಾತ್ರ ಗಾಡಿಗೆ ನೀರು ಮುಟ್ಟಿಸುತ್ತಿರಲಿಲ್ಲ. ಹರಿದ ಬನಿಯನ್ನಿನಿಂದ ಒರೆಸುವುದು, ಅಷ್ಟೇ. "ಮೊದ್ಲು ಕೇಳು, ಆಮ್ಯಾಲ ನೋಡು" ಎನ್ನುವುದು ಅವರ ಮಾತು. ತೂಬಿನ ಬಾಗಿಲಾಗಲಿ ಇಂಜಿನ್ನಾಗಲಿ, ಹತ್ತಿರ ಹೋಗಿ ತಲೆ ಒಂದು ಕಡೆ ವಾಲಿಸಿ ಕೇಳಿ, ಆಮೇಲೆ ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಳ್ಳುತ್ತಿದ್ದರು.

ಕೂರುವುದು ಅವರಿಗೆ ಗೊತ್ತೇ ಇರಲಿಲ್ಲ. ಗಾಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತದ್ದು ಬಿಟ್ಟರೆ ಅವರು ಕೂತದ್ದನ್ನು ನಾನು ಕಂಡದ್ದು ಕಡಿಮೆ. ಚಹಾವನ್ನು ನಿಂತೇ ಕುಡಿಯುತ್ತಿದ್ದರು. ಪಡಸಾಲೆಯಲ್ಲಿ ಒಂದು ಒಳ್ಳೆಯ ಬೆತ್ತದ ಕುರ್ಚಿ ಇತ್ತು, ರಿಟೈರಾದಾಗ ಆಫೀಸಿನವರು ಕೊಟ್ಟದ್ದು. ಅದರ ಮೇಲೆ ಒಣಗಿದ ಬಟ್ಟೆ ಬಿದ್ದಿರುತ್ತಿತ್ತು. "ಕುಂದ್ರಂದ್ರ ಮುಳ್ಳಿನ ಮ್ಯಾಲ ಕುಂದ್ರಿಸಿದಂಗ ಮಾಡ್ತಾರ" ಎಂದು ಅವರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುತ್ತಿದ್ದವರು, ಬಂದವರ ಹತ್ತಿರವೆಲ್ಲ ದೂರುತ್ತಿದ್ದರು.

ಅಮ್ಮನವರು ಆಗದ ಮಾತು ಎಂದದ್ದು ಸುಮ್ಮನೆ ಅಲ್ಲ. ಸಂಡೂರಿನ ಗುತ್ತಿಗೆದಾರರೊಬ್ಬರು ಎರಡು ಸಲ ಜೀಪಿನಲ್ಲಿ ಬಂದು ಕೇಳಿ ಬರಿಗೈಯಲ್ಲಿ ಹೋಗಿದ್ದರು. ಹೊಸಪೇಟೆಯ ಡಾಕ್ಟರೊಬ್ಬರಿಗೂ ಇಲ್ಲ ಎಂದಾಗಿತ್ತು. ಅಂಥಲ್ಲಿ ನಾನು ಯಾವ ಲೆಕ್ಕ? ಆದರೂ ಹೋದೆ. ಒಂದು ಸಲ ಅಲ್ಲ, ಸೈಕಲ್ಲು ತುಳಿದುಕೊಂಡು ಮತ್ತೆ ಮತ್ತೆ ಹೋದೆ. ಅವರು ಇಲ್ಲ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಕೊನೆಗೆ ಒಂದು ದಿನ ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ತಮ್ಮಾ, ತೊಗೊಂಡು ಎಲ್ಲಿ ಓಡಿಸ್ತಿ?"

"ಕಾಲುವಿ ದಂಡಿ ಮ್ಯಾಲರಿ. ನನಗ ಕೊಟ್ಟ ಹಳ್ಳಿ ಎಲ್ಲಾ ಕಾಲುವಿ ಗುಂಟನ ಅದಾವ."

ಅವರು ಅಂಗಳದ ಆ ತುದಿಗೆ ನಡೆದರು, ಈ ತುದಿಗೆ ಬಂದರು. "ಕಾಲುವಿ ದಂಡಿ ಮ್ಯಾಲ?" ಎಂದು ಮತ್ತೊಮ್ಮೆ ಕೇಳಿದರು. ಒಳಗೆ ಹೋಗಿ ಕೀಲಿಕೈ ತಂದು ನನ್ನ ಅಂಗೈಯಲ್ಲಿ ಇಟ್ಟರು. ಬಾಗಿಲಲ್ಲಿ ನಿಂತಿದ್ದ ಅಮ್ಮನವರು ಮೊರದಲ್ಲಿದ್ದ ಅಕ್ಕಿ ಕೇರುವುದನ್ನು ಬಿಟ್ಟು ನೋಡುತ್ತಾ ನಿಂತರು.

ರೊಕ್ಕದ ಮಾತು ಒಂದೇ ಉಸಿರಿನಲ್ಲಿ ಮುಗಿಯಿತು. ಉಳಿದದ್ದು ಆರ್.ಸಿ. ಪುಸ್ತಕ, ಅಂದರೆ ಗಾಡಿ ಯಾರದು ಎಂದು ಸರ್ಕಾರ ಬರೆದುಕೊಡುವ ಸರ್ಟಿಫಿಕೇಟು. ಅದನ್ನು ನನ್ನ ಹೆಸರಿಗೆ ಮಾಡಿಸಬೇಕು ಎಂದಾಗ ಅವರು ಕೈ ಬೀಸಿದರು.

"ಅದಕ್ಕೇನು ಅವಸರ? ಹೊಸಪೇಟಿದಾಗ ಓಡೋ ಗಾಡಿ ಅರ್ಧಕ್ಕರ್ಧ ಸತ್ತೋರ ಹೆಸರ್ಲೆ ಓಡ್ತಾವ. ನಾನರ ಇನ್ನೂ ಬದುಕೀನಿ. ಓಡಿಸ್ಕೋ ಹೋಗು."

ಅದು ಸುಳ್ಳಲ್ಲ. ನಮ್ಮ ಕಡೆ ಗಾಡಿ ನಾಲ್ಕು ಕೈ ದಾಟಿದರೂ ಪುಸ್ತಕ ಮೊದಲನೆಯವರ ಹೆಸರಿನಲ್ಲೇ ಉಳಿಯುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ನನ್ನ ಕೆಲಸ ಆ ಪುಸ್ತಕದ ಮೇಲೆ ನಿಂತಿತ್ತು. ಗಾಡಿ ಕೊಟ್ಟ ದಿನವೇ ಜಗ್ಗಾಡುವುದು ಬೇಡ ಎಂದು ಸುಮ್ಮನಾದೆ.

ಹೇಗೆ ಶುರು ಮಾಡಬೇಕು ಎಂದು ಅವರೇ ಕಲಿಸಿದರು. ಆಂಪಿಯರ್ ಮುಳ್ಳು ನಡುವೆ ಬರುವ ತನಕ ಕಿಕ್ಕನ್ನು ಮೆಲ್ಲಗೆ ಒತ್ತಬೇಕು, ಎಡಗೈಯ ಸಣ್ಣ ಹಿಡಿಕೆ ಹಿಡಿದು ಗಾಳಿ ಬಿಡಬೇಕು, ಆಮೇಲೆ ಒಂದೇ ಒದೆತ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಕೇರಿಗೆ ತಂದಾಗ ಅಪ್ಪ ಬೇವಿನ ಮರದ ಕಟ್ಟೆಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ. ತಿರುವಿನಲ್ಲಿ ಸಪ್ಪಳ ಕೇಳಿಸಿದ್ದೇ ತಡ, ಬೀಡಿ ಬಿಸಾಕಿ ಎದ್ದು ನಿಂತ, ಟವೆಲ್ಲು ಹೆಗಲಿಂದ ಕೈಗೆ ಬಂದಿತ್ತು. ಗಾಡಿ ಮೇಲೆ ಇದ್ದವನು ನಾನು ಎಂದು ಗೊತ್ತಾದ ಮೇಲೂ ಅವನಿಗೆ ಕೂರಲು ಸ್ವಲ್ಪ ಹೊತ್ತು ಹಿಡಿಯಿತು.

ಅಪ್ಪನೊಬ್ಬನ ಕಥೆ ಅಲ್ಲ ಅದು ಎಂದು ಮಾರನೆಯ ದಿನ ತಿಳಿಯಿತು. ಆ ಬುಲೆಟ್ಟಿನ ಸಪ್ಪಳ ಕಾಲುವೆಯ ಉದ್ದಕ್ಕೂ ಎಲ್ಲರಿಗೂ ಗೊತ್ತು. ನಾನು ದಂಡೆಯ ಮೇಲೆ ದೂರದಲ್ಲಿ ಬರುತ್ತಿದ್ದಂತೆ ತೂಬಿನ ಹತ್ತಿರದ ಗುಡಿಸಲಿನಿಂದ ನೀರಗಂಟಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದು ಸೆಟೆದು ನಿಂತ. ಮುಂದೆ ನೋಡಿದರೆ ರೈತರು ಕಾಲುವೆಗೆ ಕದ್ದು ಇಳಿಬಿಟ್ಟಿದ್ದ ಪೈಪುಗಳನ್ನು ಸರಸರ ಎಳೆದುಕೊಂಡು ಕಬ್ಬಿನೊಳಗೆ ನುಗ್ಗುತ್ತಿದ್ದಾರೆ. ನಾನು ಹೋಗಿ ನಿಲ್ಲುವಷ್ಟರಲ್ಲಿ ದಂಡೆಯ ಮೇಲೆ ಪೈಪು ಎಳೆದ ಒದ್ದೆ ಗುರುತು ಮತ್ತು ಒಂದು ನಾಯಿ.

ಅಷ್ಟಾಗಿದ್ದರೆ ನಕ್ಕು ಬಿಡಬಹುದಿತ್ತು. ಆ ಭಾಗದಲ್ಲಿ ಎಷ್ಟೋ ಹೊಲಗಳಿಗೆ ಸರ್ಕಾರ ನೀರು ಕೊಟ್ಟದ್ದು ಜೋಳ, ಶೇಂಗಾ ಬೆಳೆಯಲೆಂದು. ಕಬ್ಬು ಹಾಕಿದರೆ ನೀರಿನ ತೆರಿಗೆಯ ಮೇಲೆ ದಂಡ. ಸಾಹೇಬರು ಆ ಗಾಡಿಯ ಮೇಲೆ ಬಂದು ಯಾರು ಕಬ್ಬು ಹಾಕಿದ್ದಾರೆ ಎಂದು ಬರೆದುಕೊಂಡು ಹೋದವರು. ಅದೇ ಗಾಡಿಯಿಂದ ಇಳಿದು ನಾನೂ ಕೇಳಿದ್ದು ಅದನ್ನೇ.

"ನಿಮ್ಮದು ಕಬ್ಬು ಎಷ್ಟು ಎಕರೆ ಐತ್ರಿ?" ಎಂದು ಒಬ್ಬ ಹಿರಿಯ ರೈತನನ್ನು ಕೇಳಿದೆ. ಬಿಳಿ ರುಮಾಲು, ಕಿವಿಯಲ್ಲಿ ಒಂಟಿ.

"ಕಬ್ಬಾ? ನಾವ್ಯಾಕ ಕಬ್ಬು ಹಾಕೋಣ್ರಿ? ಜ್ವಾಳ ಹಾಕೀವಿ."

"ನಿಮ್ಮ ಬೆನ್ನ ಹಿಂದ ನಿಂತಿದ್ದೇನ್ರಿ ಅದು?"

ಅವನು ತಿರುಗಿ, ಎರಡಾಳೆತ್ತರ ನಿಂತ ಕಬ್ಬನ್ನು ಮೊದಲ ಸಲ ನೋಡುವವನಂತೆ ನೋಡಿದ. "ಅದರಿ, ಎಮ್ಮಿ ಮೇವಿಗೆ" ಎಂದ. ಅಷ್ಟು ಎಕರೆ ತಿನ್ನುವ ಎಮ್ಮೆ ಅವನ ಕೊಟ್ಟಿಗೆಯಲ್ಲಿ ಯಾವುದಿತ್ತೋ.

ನಾನು ಕಾರ್ಖಾನೆಯವನು ಎಂದರೂ ನಂಬಲಿಲ್ಲ. ಹಳ್ಳಿಯಿಂದ ಹಳ್ಳಿಗೆ ಹೋದೆ, ಎಲ್ಲೆಲ್ಲೂ ಜೋಳವೇ. ಕಾರ್ಖಾನೆಯಲ್ಲಿ ಬಾಯ್ಲರು ತೊಳೆಯಲು ಶುರು ಮಾಡಿದ್ದರು. ಅರೆಯುವ ಕಾಲ ಹತ್ತಿರ ಬಂತು ಎಂದು ಅರ್ಥ. ನೋಂದಣಿಯೂ ಇಲ್ಲ, ಆರ್.ಸಿ.ಯೂ ಇಲ್ಲ. ಕೇನ್ ಆಫೀಸರು ನನ್ನನ್ನು ಕಂಡಾಗಲೆಲ್ಲ ತೂಕದ ಕಟ್ಟೆಯ ಕಡೆ ನೋಡುತ್ತಿದ್ದರು.

ಆರ್.ಸಿ.ಗಾಗಿ ಪ್ರತಿ ಭಾನುವಾರ ಸಾಹೇಬರ ಮನೆಗೆ ಹೋಗುತ್ತಿದ್ದೆ. ಅವರು ಖಾಕಿ ಅಂಗಿ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಾ ಕಾಯುತ್ತಿದ್ದರು. ಮಾತು ತೆಗೆಯುವ ಮೊದಲೇ ಹಿಂದಿನ ಸೀಟು ಹತ್ತಿಬಿಡುತ್ತಿದ್ದರು. "ನಡಿ, ಟ್ಯಾಪೆಟ್ ಸಪ್ಪಳ ಯಾಕೋ ಬ್ಯಾರೆ ಐತಿ, ಓಡಿಸಿ ನೋಡೂಣು." ಇಂಜಿನ್ನಿನ ಒಳಗಿನ ಆ ಟ್ಯಾಪೆಟ್‌ಗೆ ಏನೂ ಆಗಿರುತ್ತಿರಲಿಲ್ಲ. ದಂಡೆಯ ಮೇಲೆ ಹೋಗುವಾಗ ಗೇರು ಬದಲಿಸಬೇಕಾದ ಕಡೆಯಲ್ಲೆಲ್ಲ ಅವರ ಬಲಗಾಲು ಹಿಂದಿನ ಮೆಟ್ಟಿನ ಮೇಲೆ ತಾನಾಗಿ ಒತ್ತುತ್ತಿತ್ತು. ನೀರಗಂಟಿ ಓಡಿ ಬಂದು ನಿಲ್ಲುತ್ತಿದ್ದ. ಆಗ ಅವರ ಬೆನ್ನು ನೆಟ್ಟಗಾಗುವುದು ನನಗೆ ಮುಂದೆ ಕೂತೇ ಗೊತ್ತಾಗುತ್ತಿತ್ತು. ವಾಪಸು ಬಂದಾಗ ಕತ್ತಲಾಗಿರುತ್ತಿತ್ತು, ಪುಸ್ತಕದ ಮಾತು ಮುಂದಿನ ಭಾನುವಾರಕ್ಕೆ ಹೋಗುತ್ತಿತ್ತು. ಸಿಟ್ಟು ಬರುತ್ತಿತ್ತು. ತೋರಿಸುವ ಹಾಗಿರಲಿಲ್ಲ.

ಒಂದು ಭಾನುವಾರ ನಾನು ಗಾಡಿ ನಿಲ್ಲಿಸಿ ಇಂಜಿನ್ ಆರಿಸಿಬಿಟ್ಟೆ.

"ಸಾಹೇಬ್ರ, ಇವತ್ತು ಓಡಿಸೂದಿಲ್ರಿ. ಪುಸ್ತಕ ನನ್ನ ಹೆಸರಿಗೆ ಆಗ್ಲಿಲ್ಲಂದ್ರ ನನ್ನ ಕೆಲಸ ಹೋಗ್ತೈತಿ. ಹೆಸರಿಗೆ ಆದ್ರೂನೂ ಹೋಗ್ತೈತಿ. ಈ ಸಪ್ಪಳ ಕೇಳಿದ್ರ ರೈತ್ರು ಓಡ್ತಾರ. ಕಬ್ಬಿನಾಗ ನಿಂತು ಜ್ವಾಳ ಅಂತಾರ. ಅವರ ಪಾಲಿಗೆ ನಾ ಇನ್ನೂ ನೀವಾಗೀನಿ."

ಅವರಿಗೆ ಮೊದಲು ನಗು ಬಂತು. "ಇನ್ನೂ ಓಡ್ತಾರ?" ಎಂದು ಕೇಳಿದರು. ಮುಖದಲ್ಲಿ ಎಂಥ ಖುಷಿ! ಬಾಗಿಲಲ್ಲಿದ್ದ ಅಮ್ಮನವರು ಬಿಡಲಿಲ್ಲ.

"ಆ ಹುಡುಗನ ಅನ್ನಕ್ಕ ಕಲ್ಲು ಬಿದ್ರೂ ನಿಮಗ ಆ ಸಪ್ಪಳ ಬೇಕಲ್ಲ? ನೀವು ರಿಟೈರ್ ಆಗಿ ವರ್ಷ ಆತ್ರಿ. ಊರಿಗೆ ಯಾರೂ ಹೇಳಿಲ್ಲ, ನೀವರ ಹೇಳ್ರಿ."

ಸಾಹೇಬರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಬಾಳೆ ತೋಟದ ಬದುವಿನ ಮೇಲೆ ಅವರು ಅತ್ತಿತ್ತ ನಡೆಯುವುದು ಕಾಣುತ್ತಿತ್ತು. ನಾನು ನಿಂತೇ ಇದ್ದೆ. ಅಮ್ಮನವರು ಚಹಾ ತಂದುಕೊಟ್ಟು, "ಕುಂದ್ರು, ನೀನೂ ಅವರಂಗ ಆಗಬ್ಯಾಡ" ಎಂದರು. ಬಹಳ ಹೊತ್ತಿನ ಮೇಲೆ ಬಂದವರು ಖಾಕಿ ಅಂಗಿ ಬಿಚ್ಚಿ ಬಿಳಿ ಅಂಗಿ ಹಾಕಿಕೊಂಡರು.

"ನಡಿ. ಎಲ್ಲಾ ಹಳ್ಳಿಗೂ ಹೋಗೂಣು."

ಆವತ್ತಿನ ದಾರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಸಿಕ್ಕವನು ಅದೇ ರುಮಾಲಿನ ರೈತ. ಸಪ್ಪಳ ಕೇಳಿ ಪೈಪು ಎಳೆಯುತ್ತಿದ್ದ. ಸಾಹೇಬರು ದೂರದಿಂದಲೇ ಕೂಗಿದರು: "ಎಳೀಬ್ಯಾಡ್ರಿ, ನಿಂದ್ರಿ. ನಾನೀಗ ಯಾರೂ ಅಲ್ಲ."

ಅವನು ಪೈಪು ಕೈಯಲ್ಲಿ ಹಿಡಿದೇ ನಿಂತ. "ನಮ್ಮನ್ನ ಹಿಡೀಲಿಕ್ಕ ಬಂದೀರಿ, ಹೌದಿಲ್ರಿ?"

"ಹಿಡಿಯೋನು ಹಿಂದಿನ ಸೀಟಿನಾಗ ಕುಂತು ಬರ್ತಾನೇನು? ನೋಡ್ರಿ ಸರಿಯಾಗಿ. ಮುಂದ ಯಾರು ಕುಂತಾರ?"

ರೈತ ನೋಡಿದ. ಮುಂದೆ ನಾನು, ಗ್ಯಾಂಗಿನವನ ಮಗ. ಹಿಂದೆ ಸಾಹೇಬರು, ಎರಡೂ ಕೈ ಸೀಟಿನ ಹಿಡಿಕೆಯ ಮೇಲೆ. ಅಂಥದನ್ನು ಆ ಕಾಲುವೆಯ ಮೇಲೆ ಯಾರೂ ಕಂಡಿರಲಿಲ್ಲ.

"ಗಾಡಿ ಇವರದು" ಎಂದರು ಸಾಹೇಬರು. "ಇವರು ಫ್ಯಾಕ್ಟ್ರಿ ಫೀಲ್ಡ್‌ಮನ್ ಸಾಹೇಬ್ರು, ಬಿ.ಎಸ್ಸಿ. ಓದ್ಯಾರ. ದಂಡ ಹಾಕೋರಲ್ಲ, ನಿಮ್ಮ ಕಬ್ಬು ತೂಗಿಸೋರು. ಎಷ್ಟು ಎಕರೆ ಐತಿ ಖರೇ ಹೇಳ್ರಿ." ತಮ್ಮಾ ಎಂದು ಏಕವಚನದಲ್ಲಿ ಕರೆಯುತ್ತಿದ್ದವರು ಇವರು ಅಂದದ್ದು ನನಗೆ ಕಿವಿಯಲ್ಲಿ ಬಿಸಿ ಬಿಸಿಯಾಗಿ ಕೂತಿತು.

ರೈತ ಪೈಪನ್ನು ಕೆಳಗೆ ಬಿಟ್ಟ. "ಹಂಗಾರ ಇನ್ನ ಮ್ಯಾಲ ಈ ಸಪ್ಪಳಕ್ಕ ಓಡೂದು ಬ್ಯಾಡಂತೀರಿ?"

"ಬ್ಯಾಡ. ಜೀಪು ಬಂದ್ರ ಓಡ್ರಿ. ಈಗಿನ ಸಾಹೇಬ್ರದು ಜೀಪು."

ಅವನು ರುಮಾಲು ಸರಿ ಮಾಡಿಕೊಂಡು ಜೋರಾಗಿ ನಕ್ಕ. ಆಮೇಲೆ ಎಕರೆ ಹೇಳಿದ. ತನ್ನದು, ತಮ್ಮನದು, ಪಕ್ಕದವನದನ್ನೂ ಹೇಳಿದ.

ಹೀಗೆಯೇ ಪ್ರತಿ ತೂಬಿನ ಹತ್ತಿರ, ಪ್ರತಿ ಚಹಾದಂಗಡಿಯ ಮುಂದೆ. ನಾನು ಗಾಡಿ ನಿಲ್ಲಿಸುವುದು, ಅವರು ಹಿಂದೆ ಕೂತೇ "ನಾನೀಗ ಯಾರೂ ಅಲ್ಲ" ಎನ್ನುವುದು. ಮೊದಲೆರಡು ಸಲ ದನಿ ಒಡೆದಂತೆ ಕೇಳಿತು. ಆಮೇಲೆ ಸಲೀಸಾಯಿತು, ನಡುವೆ ನಗೆಮಾತುಗಳೂ ಸೇರಿಕೊಂಡವು. ಕಂಪ್ಲಿ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ವಾಪಸು ಬರುವಾಗ ಯಾವ ಪೈಪೂ ಅಲುಗಲಿಲ್ಲ. ಗುಡಿಸಲಿನ ಮುಂದೆ ಕೂತಿದ್ದ ನೀರಗಂಟಿ ನಮ್ಮನ್ನು ನೋಡಿ, ಕೂತಲ್ಲಿಂದಲೇ ಕೈ ಎತ್ತಿದ. ಸಾಹೇಬರೂ ಕೈ ಎತ್ತಿದರು. ಅವರ ಬೆನ್ನು ನೆಟ್ಟಗಾಗಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ ನನ್ನ ಭುಜ ಮುಟ್ಟಿ ನಿಲ್ಲಿಸಲು ಹೇಳಿ, ಇಳಿದು, ದಂಡೆಯ ಅಂಚಿಗೆ ಹೋಗಿ ನೀರು ನೋಡುತ್ತಾ ನಿಂತರು. ನಾನು ಹತ್ತಿರ ಹೋಗಲಿಲ್ಲ. ತಿರುಗಿ ಬಂದು, "ಆತು, ನಡೀರಿ" ಎಂದರು.

ಆ ವಾರವೇ ಬಳ್ಳಾರಿಯ ಆರ್.ಟಿ.ಒ. ಆಫೀಸಿಗೆ ಬಂದು ಸಹಿ ಹಾಕಿದರು. ಅಲ್ಲಿ ಬೆಂಚಿನ ಮೇಲೆ ಕೂತು ಕಾಯಿರಿ ಎಂದರೂ ಕೂರದೆ ವರಾಂಡ ಅಳೆಯುತ್ತಿದ್ದರು.

ಆ ಗಾಡಿಯ ಮೇಲೆ ನಾನು ಹನ್ನೊಂದು ಹಂಗಾಮು ಓಡಾಡಿದೆ. ಖಾಯಂ ಆದೆ, ಬಡ್ತಿ ಪಡೆದೆ, ತಂಗಿಯನ್ನು ಓದಿಸಿದೆ. ಸಾಹೇಬರು ಆ ನಡುವೆಯೇ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಅಂಗಳದಲ್ಲಿ ನಡೆಯುತ್ತಾ ಇದ್ದವರು ಗೋಡೆ ಹಿಡಿದು ನಿಂತರಂತೆ, ಅಷ್ಟೇ. ಮಣ್ಣಿಗೆ ಕಾಲುವೆಯ ಆ ತುದಿಯಿಂದ ಈ ತುದಿಯವರೆಗಿನ ರೈತರು ಬಂದಿದ್ದರು, ದಂಡ ಕಟ್ಟಿದವರೇ ಹೆಚ್ಚು. ನನಗೆ ಗಾಡಿ ಮಾರಿದವರು ಎಂದು ಜನ ಹೇಳುತ್ತಾರೆ. ಅವರು ನನಗೆ ಕೊಟ್ಟದ್ದು ಗಾಡಿಗಿಂತ ದೊಡ್ಡದು, ಅದನ್ನು ಕೊಡಲು ಅವರಿಗೆ ಎಷ್ಟು ನೋವಾಯಿತು ಎಂದು ಕಂಡವನು ನಾನೊಬ್ಬನೇ. ಅದಕ್ಕೇ ಇದನ್ನು ಬರೆದೆ.

ಪುಸ್ತಕ ಕೈಗೆ ಬಂದ ದಿನದ ಮಾತೊಂದು ಹೇಳುವುದು ಉಳಿದಿದೆ. ಆರ್.ಟಿ.ಒ. ಆಫೀಸಿನಲ್ಲಿ ಪರಿಚಯದವರಿದ್ದರಿಂದ ಸಾಹೇಬರೇ ಹೋಗಿ ಬಿಡಿಸಿಕೊಂಡು ಬಂದಿದ್ದರು. ಬಸ್ಸಿಳಿದು ತಮ್ಮ ಮನೆಗೆ ಹೋಗಲಿಲ್ಲ, ನೇರ ನಮ್ಮ ಕೇರಿಗೆ ನಡೆದು ಬಂದರು. ಅಷ್ಟು ವರ್ಷ ಅಪ್ಪನಿಂದ ದುಡಿಸಿಕೊಂಡಿದ್ದರೂ ನಮ್ಮ ಮನೆಯ ಬಾಗಿಲಿಗೆ ಅವರು ಬಂದದ್ದು ಅದೇ ಮೊದಲು. ಅವ್ವ ಕಂಬಳಿ ಹಾಸಿದಳು. ಸಾಹೇಬರು ಕೂತರು. ಪುಸ್ತಕವನ್ನು ನನಗೆ ಕೊಡದೆ ಅಪ್ಪನ ಕೈಗೆ ಕೊಟ್ಟು, ಹಾಳೆ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದರು. ಮೊದಲು ನನ್ನ ಹೆಸರು, ಅದರ ಮುಂದೆ ಇಂಥವರ ಮಗ ಎಂದು ಅಪ್ಪನ ಹೆಸರು.

ಓದಲು ಬಾರದ ಅಪ್ಪ ಆ ಸಾಲನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಬಲಗೈ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಸಾಹೇಬರ ಕಡೆ ತಿರುಗಿ ಕೇಳಿದ:

"ಸರ್ಕಾರದ ಪುಸ್ತಕದಾಗ ನನ್ನ ಹೆಸರು ಬಂದೈತಿ, ಮತ್ತ ಹೆಬ್ಬೆಟ್ಟು ಒತ್ತೂದು ಬ್ಯಾಡೇನ್ರಿ?"